ತಿಪ್ಪೆ ಸಾರಿಸುವುದು ಬೇಡ, ತಿಪ್ಪೆ ಕಟ್ಟೋಣ



ದಸರೆ ಕಳೆಯುತ್ತಿದ್ದಂತೆ ನಮ್ಮ ಸೀಮೆಯ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಅಣಿಯಾಗುತ್ತವೆ. ಕಡಿಯುವ ಗ್ಯಾಂಗಿನವರು ಬಂದು ಊರ ಹೊರಗೆ ಗುಡಿಸಲು ಹಾಕುತ್ತಾರೆ. ಅವರು ಒಂದು ಹೊಲ ಕಡಿದು ಮುಂದಿನ ಹೊಲಕ್ಕೆ ಹೋದ ಮೂರನೆಯ ದಿನವೋ ನಾಲ್ಕನೆಯ ದಿನವೋ, ಸಂಜೆ, ಆ ಹೊಲದಿಂದ ಹೊಗೆ ಏಳುತ್ತದೆ. ರವದಿಗೆ ಬೆಂಕಿ ಬಿದ್ದಿದೆ ಎಂದು ಯಾರೂ ಹೇಳಬೇಕಾಗಿಲ್ಲ. ಘಟಪ್ರಭಾ-ಕೃಷ್ಣಾ ನಡುವಿನ ಕಬ್ಬಿನ ಊರುಗಳಲ್ಲಿ ಚಳಿಗಾಲದ ಸಂಜೆ ಮಾಳಿಗೆ ಹತ್ತಿ ನಿಂತರೆ ನಾಲ್ಕಾರು ಕಡೆ ಈ ಬೆಂಕಿ ಕಾಣುತ್ತದೆ. ಮರುದಿನ ಬೆಳಿಗ್ಗೆ ಒಣಹಾಕಿದ ಬಟ್ಟೆಯ ಮೇಲೆ, ಅಂಗಳದ ರಂಗೋಲಿಯ ಮೇಲೆ ಕರಿ ಉದುರಿರುತ್ತದೆ. ದಮ್ಮಿನ ರೋಗವಿರುವ ಹಿರಿಯರು ಇಡೀ ರಾತ್ರಿ ಕೆಮ್ಮುತ್ತಾರೆ.

ನಾನು ನೀರಾವರಿ ಕೆಲಸದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದು ನಿವೃತ್ತನಾದವನು. ನಾಲೆ, ತೂಬು, ಹೊಲಗಾಲುವೆ ಇವು ನನ್ನ ಬದುಕಾಗಿದ್ದವು. ಯಾವ ತೂಬಿನಿಂದ ಎಷ್ಟು ನೀರು ಹೋಗುತ್ತದೆಂದು ಕಣ್ಣಂದಾಜಿನಲ್ಲಿ ಹೇಳಬಲ್ಲೆ. ಆದರೆ ಆ ನೀರು ಹೋಗಿ ಸೇರುವ ಮಣ್ಣಿನ ಬಗ್ಗೆ ನಾನು ನೌಕರಿಯಲ್ಲಿದ್ದಾಗ ಒಂದು ದಿನವೂ ಯೋಚಿಸಲಿಲ್ಲ. ಅದು ಬೇರೆಯವರ ಕೆಲಸ ಎಂದುಕೊಂಡಿದ್ದೆ. ನಾವು ಕೊಟ್ಟ ನೀರಿನ ಕೆಳಗೇ ಎರೆಭೂಮಿ ಸವಳು-ಜವಳಾಗಿ ಬಿಳಿ ಉಪ್ಪು ಮೇಲಕ್ಕೆದ್ದದ್ದನ್ನು ನಿವೃತ್ತನಾದ ಮೇಲೆ, ಸ್ವಂತ ಹೊಲದ ಬದುವಿನ ಮೇಲೆ ಕುಳಿತಾಗ ಕಂಡೆ. ಈ ಸಂಪಾದಕೀಯವನ್ನು ಅಂಥವನೊಬ್ಬನ ತಪ್ಪೊಪ್ಪಿಗೆ ಎಂದು ಓದಿದರೂ ಅಡ್ಡಿಯಿಲ್ಲ.

ನಮ್ಮ ಹಿರಿಯರಿಗೆ ತಿಪ್ಪೆ ಎಂದರೆ ಆಸ್ತಿ. ಹೆಣ್ಣು ಕೊಡುವವರು ಮನೆ ನೋಡಲು ಬಂದರೆ ಹಿತ್ತಲಿನ ತಿಪ್ಪೆಯ ಎತ್ತರವನ್ನೂ ಒಮ್ಮೆ ನೋಡಿಯೇ ಹೋಗುತ್ತಿದ್ದರೆಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಣ್ಣ, ತಿಪ್ಪವ್ವ ಎಂದು ಹೆಸರಿಡುವ ರೂಢಿ ಇತ್ತು. ಅದು ಮೂಢನಂಬಿಕೆಯೇ, ಅದನ್ನು ಮತ್ತೆ ತರೋಣ ಎಂದು ನಾನು ಹೇಳುತ್ತಿಲ್ಲ. ಆದರೆ ಸಾವನ್ನು ಹಿಂದೆ ಸರಿಸುವ ಶಕ್ತಿ ತಿಪ್ಪೆಗಿದೆ ಎಂದು ನಂಬಿದ್ದ ಜನರ ಮೊಮ್ಮಕ್ಕಳಾದ ನಾವು ಇಂದು ‘ತಿಪ್ಪೆ’ ಎಂಬ ಮಾತನ್ನು ಬೈಗುಳದಂತೆ ಬಳಸುತ್ತೇವೆ. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು. ಹೆಂಡಿ ಕಡಿಮೆಯಾಯಿತು, ಹಿತ್ತಲಿಗೆ ಸಿಮೆಂಟ್ ಬಂತು, ತಿಪ್ಪೆ ಹೋಯಿತು. ಹೊಲದ ಕಸ ಹೊಲದಲ್ಲೇ ಬೆಂಕಿಗೆ, ಊರಿನ ಕಸ ಹಳ್ಳಕ್ಕೆ.

ರೈತನನ್ನು ಬೈಯುವುದು ಸುಲಭ. ಅವನು ಏಕೆ ಸುಡುತ್ತಾನೆ ಎಂಬುದನ್ನು ಮೊದಲು ಕೇಳಬೇಕು. ಕಬ್ಬು ಕಡಿದ ಹತ್ತು ಹದಿನೈದು ದಿನಗಳಲ್ಲಿ ಕುಳೆಗೆ ನೀರು ಕಟ್ಟಬೇಕು. ರವದಿ ಹಾಗೇ ಬಿದ್ದಿದ್ದರೆ ಬೋದಿನಲ್ಲಿ ನೀರು ಮುಂದೆ ಹೋಗದು. ಆಳುಗಳಿಲ್ಲ, ಇದ್ದರೂ ಕೂಲಿ ಏರಿದೆ. ಇಲಿ, ಹಾವಿನ ಅಂಜಿಕೆ ಬೇರೆ. ಒಂದು ಕಡ್ಡಿ ಗೀರಿದರೆ ಅರ್ಧ ತಾಸಿನಲ್ಲಿ ಎಲ್ಲ ಸ್ವಚ್ಛ. ನಾನು ತಿಳಿವಳಿಕೆ ಹೇಳಲು ಹೋದಾಗ ಪಕ್ಕದ ಹೊಲದ ಹಿರಿಯರೊಬ್ಬರು, “ಬೂದಿ ಭೂಮಿಗೆ ಚಲೋ ಅಲ್ಲೇನ್ರಿ?” ಎಂದು ಕೇಳಿದರು. ಅವರ ಮಾತು ಪೂರಾ ಸುಳ್ಳಲ್ಲ. ಬೂದಿಯಲ್ಲಿ ಪೊಟ್ಯಾಷ್, ರಂಜಕ ಬಹುಮಟ್ಟಿಗೆ ಉಳಿಯುತ್ತವೆ. ಹೊಗೆಯಾಗಿ ಹೋಗುವುದು ಸಾರಜನಕ, ಅದಕ್ಕಿಂತ ಮುಖ್ಯವಾಗಿ ಇಂಗಾಲ.

ಇಲ್ಲಿ ಒಂದು ಲೆಕ್ಕ ಮಾಡೋಣ, ಏಕೆಂದರೆ ಕಾಂಪೋಸ್ಟ್ ಬಗ್ಗೆ ಭಾಷಣ ಮಾಡುವವರು ಈ ಲೆಕ್ಕವನ್ನು ಬಹಳ ಸಲ ತಪ್ಪಾಗಿ ಹೇಳುತ್ತಾರೆ. ಎಕರೆಗೆ 40 ಟನ್ ಕಬ್ಬು ಬಂದ ಹೊಲದಲ್ಲಿ ಸುಮಾರು ಮೂರೂವರೆ ಟನ್ ಒಣ ರವದಿ ಬೀಳುತ್ತದೆ. ಅದರಲ್ಲಿ ಸಾರಜನಕ ನೂರಕ್ಕೆ ಅರ್ಧ ಭಾಗಕ್ಕಿಂತಲೂ ಕಡಿಮೆ. ಎಲ್ಲ ಸೇರಿಸಿದರೆ 14 ಕಿಲೋ ಆದೀತು. ಅಂದರೆ ಸುಮಾರು 30 ಕಿಲೋ ಯೂರಿಯಾ. 45 ಕಿಲೋದ ಒಂದು ಚೀಲವೂ ತುಂಬಲಿಲ್ಲ. ಸರ್ಕಾರದ ಸಹಾಯಧನದ ದರದಲ್ಲಿ ಅದಕ್ಕೆ ಇನ್ನೂರು ರೂಪಾಯಿಯೂ ಆಗದು. ಆದ್ದರಿಂದ “ಕಾಂಪೋಸ್ಟ್ ಮಾಡಿರಿ, ಯೂರಿಯಾ ದುಡ್ಡು ಉಳಿಯುತ್ತದೆ” ಎಂದು ರೈತನ ಮುಂದೆ ಹೇಳಿದರೆ ನಾವು ಸೋಲುತ್ತೇವೆ. ಅವನು ಲೆಕ್ಕ ಬಾರದವನಲ್ಲ.

ಉಳಿಯುವುದು ಬೇರೆ. ಮೂರೂವರೆ ಟನ್ ರವದಿಯಲ್ಲಿ ಒಂದೂವರೆ ಟನ್ನಿನಷ್ಟು ಇಂಗಾಲವಿದೆ. ಅದು ಕೊಳೆತು ಮಣ್ಣು ಸೇರಿದರೆ ಎರೆಮಣ್ಣು ಹರಳುಹರಳಾಗುತ್ತದೆ, ನೀರು ಮೇಲೆ ನಿಲ್ಲದೆ ಒಳಗಿಳಿಯುತ್ತದೆ, ಇಳಿದ ನೀರಿನ ಜೊತೆ ಉಪ್ಪೂ ಕೆಳಗೆ ತೊಳೆದುಹೋಗಲು ದಾರಿಯಾಗುತ್ತದೆ. ಕೆಂಪು ಮಣ್ಣಿನಲ್ಲಿ ಉಲ್ಟಾ: ಓಡಿಹೋಗುವ ನೀರನ್ನು ಅದು ಹಿಡಿದಿಡುತ್ತದೆ. ಮಣ್ಣು ಪರೀಕ್ಷೆಯ ಕಾರ್ಡು ಮನೆಯಲ್ಲಿದ್ದವರು ತೆಗೆದು ‘ಸಾವಯವ ಇಂಗಾಲ’ ಎಂಬ ಸಾಲನ್ನು ನೋಡಿರಿ. ಅಲ್ಲಿ 0.5ಕ್ಕಿಂತ ಕಡಿಮೆ ಅಂಕೆಯಿದ್ದರೆ ನಿಮ್ಮ ಹೊಲದ್ದು ಹಸಿದ ಹೊಟ್ಟೆ. ನನ್ನ ಹೊಲದ್ದು 0.41 ಇತ್ತು.

ಈ ವಿದ್ಯೆ ಹೊರಗಿನಿಂದ ಬರಬೇಕಾದದ್ದೂ ಅಲ್ಲ. 1924ರಿಂದ 1931ರವರೆಗೆ ಇಂದೂರಿನಲ್ಲಿ ಆಲ್ಬರ್ಟ್ ಹೋವರ್ಡ್ ಮತ್ತು ಅವರ ಸಹೋದ್ಯೋಗಿ ಯಶವಂತ ವಾಡ್ ಅವರು ಹೊಲದ ಕಸ, ಹೆಂಡಿ, ಗಂಜಲ ನೆನೆದ ಮಣ್ಣು ಇವನ್ನು ಪದರ ಪದರವಾಗಿ ಒಟ್ಟಿ, ಮಗುಚಿ, ಮೂರು ತಿಂಗಳಲ್ಲಿ ಗೊಬ್ಬರ ಮಾಡುವ ರೀತಿಯನ್ನು ವ್ಯವಸ್ಥಿತಗೊಳಿಸಿದರು. ಅದೇ ‘ಇಂದೂರು ಪದ್ಧತಿ’. 1939ರಲ್ಲಿ ನಮ್ಮದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ.ಎನ್. ಆಚಾರ್ಯ ಅವರು ಮಗುಚುವ ಕೆಲಸವಿಲ್ಲದ ಗುಂಡಿ ಪದ್ಧತಿಯನ್ನು ರೂಪಿಸಿದರು. ಪಟ್ಟಣದ ಕಸವನ್ನೂ ಮಲವನ್ನೂ ಒಂದರ ಮೇಲೊಂದು ಹಾಕಿ, ಮೇಲೆ ಮಣ್ಣು ಮುಚ್ಚಿ, ಆರೆಂಟು ತಿಂಗಳು ಬಿಡುವುದು. ಲೋಕದ ಕೃಷಿ ಪುಸ್ತಕಗಳಲ್ಲಿ ಇದನ್ನು ಇಂದಿಗೂ ‘ಬೆಂಗಳೂರು ಪದ್ಧತಿ’ ಎಂದೇ ಕರೆಯುತ್ತಾರೆ. ಮಹಾರಾಷ್ಟ್ರದ ಯವತಮಾಳ ಜಿಲ್ಲೆಯ ಪುಸದದ ರೈತ ನಾರಾಯಣ ದೇವತಾವ ಪಾಂಢರಿಪಾಂಡೆ ಅವರ ತೂತು ಇಟ್ಟಿಗೆಯ ತೊಟ್ಟಿ ‘ನಾಡೆಪ್’ ಎಂಬ ಹೆಸರಿನಲ್ಲಿ ನಮ್ಮ ಹಳ್ಳಿಗಳಿಗೂ ಬಂದಿದೆ. ಉದ್ಯೋಗ ಖಾತ್ರಿಯಲ್ಲಿ ಕಟ್ಟಿಸಿದ ಎಷ್ಟೋ ನಾಡೆಪ್ ತೊಟ್ಟಿಗಳಲ್ಲಿ ಇಂದು ಕೋಳಿಗಳು ಮಲಗುತ್ತವೆ ಎಂಬುದು ಬೇರೆ ಮಾತು.

ಬೆಂಗಳೂರು ಪದ್ಧತಿಯ ಬಗ್ಗೆ ಓದುವಾಗ ನನಗೆ ಒಂದು ಪ್ರಶ್ನೆ ಕಾಡಿತು. ಗುಂಡಿಯ ಉದ್ದ, ಅಗಲ, ಆಳ, ಪದರದ ದಪ್ಪ ಎಲ್ಲಕ್ಕೂ ಅಳತೆ ಉಂಟು. ಆ ಮಲವನ್ನು ಗುಂಡಿಯವರೆಗೆ ತಂದವರು ಯಾರು? ತಲೆಯ ಮೇಲೆ ಹೊತ್ತವರು ಯಾರೆಂದು ನಮಗೆಲ್ಲ ಗೊತ್ತು. ಆ ಅನಿಷ್ಟವನ್ನು ನಿಲ್ಲಿಸಲು ನಮ್ಮ ರಾಜ್ಯದಲ್ಲಿ 1970ರ ದಶಕದವರೆಗೆ, ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ಆಜ್ಞೆ ಮಾಡುವವರೆಗೆ ಕಾಯಬೇಕಾಯಿತು. ಅಳತೆ ಪುಸ್ತಕದಲ್ಲಿ ಎಲ್ಲವೂ ಇರುತ್ತದೆ, ಹೊರುವವನ ತಲೆ ಮಾತ್ರ ಇರುವುದಿಲ್ಲ. ನಮ್ಮೂರ ತಿಪ್ಪೆಯ ಕಥೆಯೂ ಕೊನೆಗೆ ಇಲ್ಲಿಗೇ ಬಂದು ನಿಂತಿತು. ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಐದು ವರ್ಷದ ಹಿಂದೆ ನಮ್ಮ ಬಳಗದವರು ಸೇರಿ ಊರಿಗೊಂದು ಸಾಮೂಹಿಕ ಗೊಬ್ಬರದ ಘಟಕ ಮಾಡಬೇಕೆಂದು ಹೊರಟೆವು. ಎಂಜಿನಿಯರನ ಕೈಗೆ ಕೆಲಸ ಕೊಟ್ಟರೆ ಏನಾಗುತ್ತದೆ? ಕಾಂಕ್ರೀಟ್ ಆಗುತ್ತದೆ. ನಾನು ನಕ್ಷೆ ಬರೆದೆ. ನಾಲ್ಕು ತೊಟ್ಟಿ, ಮೇಲೆ ತಗಡಿನ ಮಾಡು, ಮುಂದೆ ಬೋರ್ಡು. ಉದ್ಘಾಟನೆ ಆಯಿತು, ಶಾಲು ಹೊದಿಸಿದರು, ಫೋಟೋ ಬಂತು. ಒಂದು ವರ್ಷದೊಳಗೆ ಆ ತೊಟ್ಟಿಗಳಲ್ಲಿ ಪ್ಲಾಸ್ಟಿಕ್ ಚೀಲ, ಒಡೆದ ಬಾಟಲಿ, ಸತ್ತ ನಾಯಿ. ಅಕ್ಕಪಕ್ಕದವರು ನಾತಕ್ಕೆ ಬೇಸತ್ತು ಜಗಳಕ್ಕೆ ಬಂದರು. ಬಂದದ್ದು ನ್ಯಾಯವೇ. ಗಾಳಿಯಾಡದ ತೊಟ್ಟಿಯಲ್ಲಿ ಹಸಿಕಸ ತುಂಬಿದರೆ ಅದು ಗೊಬ್ಬರವಾಗುವುದಿಲ್ಲ, ಕೊಳೆತು ನಾರುತ್ತದೆ, ವಾತಾವರಣಕ್ಕೆ ಕೆಡುಕಾದ ಮೀಥೇನ್ ಅನಿಲ ಹುಟ್ಟುತ್ತದೆ. ಸುಡುವುದಕ್ಕೂ ಇದಕ್ಕೂ ದೊಡ್ಡ ಅಂತರವಿಲ್ಲ. ಆ ವರ್ಷ ನಾವು ಮಾಡಿದ್ದು ಅಕ್ಷರಶಃ ತಿಪ್ಪೆ ಸಾರಿಸುವ ಕೆಲಸ.

ಎರಡನೆಯ ಸಲ ಸಿಮೆಂಟನ್ನು ಮುಟ್ಟಲಿಲ್ಲ. ಮಠದ ಜಮೀನಿನ ಅಂಚಿನಲ್ಲಿ, ಬೇವಿನ ಮರಗಳ ನೆರಳಿನಲ್ಲಿ ನಾಲ್ಕು ಗುಂಟೆ ಜಾಗ ಕೇಳಿ ಪಡೆದೆವು. ಬರೀ ನೆಲದ ಮೇಲೆ ಆರೇಳು ಅಡಿ ಅಗಲ, ಐದಡಿ ಎತ್ತರದ ಒಟ್ಟಲು, ಉದ್ದ ಎಷ್ಟು ಬೇಕಾದರೂ ಆಗಬಹುದು. ಅದಕ್ಕಿಂತ ಎತ್ತರವಾದರೆ ನಡುವೆ ಗಾಳಿ ಹೋಗದು, ತಗ್ಗಾದರೆ ಕಾವು ನಿಲ್ಲದು. ಕೆಳಗೆ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಹಾಸಿದೆವು. ಅದರ ಮೇಲೆ ಒಂದಡಿ ಒಣಕಸ, ಮೇಲೆ ನಾಲ್ಕು ಬೆರಳು ಹಸಿಕಸ, ಅದರ ಮೇಲೆ ಹೆಂಡಿಯ ಬಗ್ಗಡ, ಮತ್ತೆ ಒಣಕಸ. ರವದಿ, ಕಣಕಿಯಂಥ ಒಣಕಸದಲ್ಲಿ ಇಂಗಾಲ ವಿಪರೀತ. ರವದಿಯಲ್ಲಂತೂ ಒಂದು ಪಾಲು ಸಾರಜನಕಕ್ಕೆ ನೂರು ಪಾಲಿನಷ್ಟಿದ್ದೀತು. ಸೂಕ್ಷ್ಮಜೀವಿಗಳಿಗೆ ಒಂದಕ್ಕೆ ಮೂವತ್ತರ ಸುಮಾರು ಇದ್ದರೆ ಊಟ ಹಿಡಿಸುತ್ತದೆ. ಅದಕ್ಕೇ ಹೆಂಡಿ, ಹಸಿ ಸೊಪ್ಪು, ಬೇರು ಸಹಿತ ಕಿತ್ತ ಕಳೆ ಬೇಕು. ನೀರನ್ನು ನಾವು ಮೊದಲು ಕೈ ಹಿಡಿದು ಹಾಕಿ ಕೆಟ್ಟೆವು. ಒಂದು ಟನ್ ಒಣ ರವದಿ ಹದಕ್ಕೆ ಬರಲು ಸಾವಿರ ಲೀಟರಿಗೂ ಹೆಚ್ಚು ನೀರು ಕುಡಿಯುತ್ತದೆ. ಒಂದು ಮುಷ್ಟಿ ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ಎರಡು ಹನಿ ಕಾಣಬೇಕು. ಧಾರೆಯಾಗಿ ಸುರಿದರೆ ಹೆಚ್ಚಾಯಿತು, ಕೈ ಒಣಗಿದ್ದರೆ ಸಾಲದು.

ಐದನೆಯ ದಿನ ಹಾರೆಕೋಲನ್ನು ಒಟ್ಟಲಿನ ನಡುವೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದೆವು. ಹಿಡಿಯಲಾಗದಷ್ಟು ಬಿಸಿ. ಒಳಗೆ 60 ಡಿಗ್ರಿಯ ಸುತ್ತಮುತ್ತ ಇದ್ದಿರಬೇಕು. 55 ದಾಟಿ ಕೆಲವು ದಿನ ನಿಂತರೆ ಬಹುಪಾಲು ಕಳೆಬೀಜ, ರೋಗಾಣು ಸಾಯುತ್ತವೆ. ಶಾಲೆಯ ಹುಡುಗರು ಬಂದು ಸರದಿಯಲ್ಲಿ ಹಾರೆ ಮುಟ್ಟಿ ಕೂಗಿದರು. ಬೆಂಕಿ ಹಚ್ಚದೆ ಕಸ ಕಾಯ್ದದ್ದನ್ನು ಅವರು ನೋಡಿದ್ದು ಅದೇ ಮೊದಲು. ನಾನೂ ಮೊದಲೇ!

ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಮಗುಚಬೇಕು. ಮಗುಚಲು, ಬುಟ್ಟಿ ಹೊರಲು ನಾವು ದಿನಗೂಲಿಯ ಮೇಲೆ ಮೂರು ಜನರನ್ನು ಗೊತ್ತುಮಾಡಿದೆವು. ಯಾವ ಓಣಿಯವರು ಎಂದು ನಾನು ಬರೆಯಬೇಕಾಗಿಲ್ಲ, ನೀವು ಊಹಿಸಿದ್ದೀರಿ. ನಮ್ಮಲ್ಲಿ ಯಾರೂ ಹಾಗೆ ಮಾಡಬೇಕೆಂದು ಠರಾವು ಮಾಡಿರಲಿಲ್ಲ. ಠರಾವು ಬೇಕಾಗಲೂ ಇಲ್ಲ, ಅಷ್ಟು ಸಲೀಸಾಗಿ ನಡೆದುಹೋಯಿತು. ಶ್ರಾವಣದಲ್ಲಿ ಮಠದ ಪ್ರವಚನ ನಡೆದಿತ್ತು. ಒಂದು ಸಂಜೆ ನಾನೇ ಕಾಯಕದ ಕುರಿತು ನಾಲ್ಕು ಮಾತಾಡಿ ಕೆಳಗಿಳಿದು ಬಂದೆ. ಆ ಮೂವರಲ್ಲಿ ಒಬ್ಬಾಕೆ, ನನಗಿಂತ ಹತ್ತು ವರ್ಷ ಚಿಕ್ಕವಳು, ಚಪ್ಪಲಿ ಬಿಡುವ ಜಾಗದ ಹತ್ತಿರ ನಿಂತಿದ್ದಳು. “ಸಾಹೇಬ್ರ, ಕಾಯಕದಾಗ ಮ್ಯಾಲಿಂದಿಲ್ಲ ಕೆಳಗಿಂದಿಲ್ಲ ಅಂದ್ರಿ. ಹಂಗಾರ ಈ ಬುಟ್ಟಿ ಬರೇ ನಮ್ಮ ಓಣ್ಯಾಗಿನವರ ತಲಿ ಮ್ಯಾಲೇ ಯಾಕ ಐತ್ರಿ?”

ಉತ್ತರ ನನ್ನಲ್ಲಿರಲಿಲ್ಲ. “ಕೂಲಿ ಕೊಡ್ತೀವಲ್ಲವ್ವ” ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡ ಸತ್ಯಕ್ಕನನ್ನು, ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದ ಮಾರಯ್ಯ-ಲಕ್ಕಮ್ಮ ದಂಪತಿಗಳನ್ನು ನಾವು ವೇದಿಕೆಯ ಮೇಲೆ ದಿನವೂ ಕರೆಯುತ್ತೇವೆ. ಅವರು ಕೆಳಗೆ ಬಂದು ನಿಂತರೆ ಗುರುತು ಸಿಗುವುದಿಲ್ಲ.

ಮರುವಾರ ಮಠದ ಅಂಗಳದಲ್ಲಿ ಸಭೆ ಸೇರಿದೆವು. ಗೊಬ್ಬರ ಒಯ್ಯುವ ಪ್ರತಿ ಮನೆಯಿಂದ ಒಬ್ಬರು ಅಮಾವಾಸ್ಯೆಯ ದಿನ ಬಂದು ಮಗುಚಬೇಕು ಎಂದು ಗೊತ್ತಾಯಿತು. ಅಮಾವಾಸ್ಯೆಗೆ ನಮ್ಮಲ್ಲಿ ಎತ್ತು ಹೂಡುವುದಿಲ್ಲ, ಹೊಲದ ಕೆಲಸ ಕಡಿಮೆ. ಸ್ವಾಮಿಗಳು ಒಂದೇ ಮಾತು ಹೇಳಿದರು: “ಮೊದಲನೇ ಬುಟ್ಟಿ ನಮ್ಮದು.” ಹೇಳಿದಂತೆ ಬಂದರು, ಕಾವಿಯನ್ನು ಮೇಲೆ ಕಟ್ಟಿ ಹೊತ್ತರು. ಆ ದಿನ ಒಪ್ಪಿಕೊಂಡ ನಲವತ್ತು ಮನೆಗಳಲ್ಲಿ ಹನ್ನೊಂದು ಮನೆಯವರು ಬಂದರು. ಆರು ಮನೆಯವರು ತಮ್ಮ ಬದಲು ಆಳುಗಳನ್ನು ಕಳಿಸಿದರು. ಆ ಆಳುಗಳೂ ಅದೇ ಓಣಿಯವರು! ನಾವು ಅವರನ್ನು ಚಹಾ ಕುಡಿಸಿ, ಕೂಲಿ ಕೊಟ್ಟು ವಾಪಸು ಕಳಿಸಿದೆವು, ಮನೆಯ ಯಜಮಾನರ ಪಾಲಿನ ಗೊಬ್ಬರವನ್ನು ತಡೆದೆವು. ಎರಡು ಮನೆಯವರು ಇಂದಿಗೂ ನನ್ನ ಜೊತೆ ಮಾತಾಡುವುದಿಲ್ಲ. ಈಗ ಇಪ್ಪತ್ತಾರು ಮನೆಗಳವರು ಬರುತ್ತಾರೆ. ಹೆಣ್ಣುಮಕ್ಕಳೇ ಹೆಚ್ಚು. ಗಂಡಸರಿಗೆ ಆ ದಿನವೇ ಪೇಟೆಯ ಕೆಲಸ ಹೇಗೆ ನೆನಪಾಗುತ್ತದೋ ತಿಳಿಯದು.

ಹೊಲವಿಲ್ಲದವರಿಗೆ ಗೊಬ್ಬರ ಏತಕ್ಕೆ ಎಂಬ ಪ್ರಶ್ನೆಯೂ ಬಂತು. ಮೂರರಲ್ಲಿ ಒಂದು ಪಾಲು ಆ ಮೂವರಿಗೆ ಎಂದು ತೀರ್ಮಾನಿಸಿದೆವು. ಕೂಲಿ ಬೇರೆ, ಪಾಲು ಬೇರೆ. ಕೊಟ್ಟಿಗೆ ಗೊಬ್ಬರ ಟ್ರ್ಯಾಲಿಗೆ ಮೂರು ನಾಲ್ಕು ಸಾವಿರಕ್ಕೆ ಮಾರುವ ಕಾಲವಿದು. ಕಳೆದ ವರ್ಷ ಅವರ ಪಾಲಿಗೆ ಐದು ಟ್ರ್ಯಾಲಿ ಬಂತು, ತಮಗೆ ಬೇಕಾದವರಿಗೆ ಬೇಕಾದ ದರಕ್ಕೆ ಮಾರಿದರು. ಒಂದು ಟ್ರ್ಯಾಲಿ ಕೊಂಡವನು ನಾನು. ಚೌಕಾಸಿ ಮಾಡಲು ಆಕೆ ಬಿಡಲಿಲ್ಲ.

ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಊರಿನ ಎಲ್ಲ ರವದಿಯನ್ನೂ ಹೊತ್ತು ತಂದು ಒಂದೆಡೆ ಒಟ್ಟುವುದು ಹುಚ್ಚುತನ. ಒಂದು ಎಕರೆಯ ರವದಿಗೆ ಹಲವಾರು ಟ್ರ್ಯಾಲಿ ಬೇಕು, ಡೀಸೆಲ್ಲೇ ಗೊಬ್ಬರದ ಬೆಲೆ ತಿನ್ನುತ್ತದೆ. ರವದಿಯ ಜಾಗ ಹೊಲವೇ. ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಒತ್ತರಿಸಿರಿ, ಖಾಲಿ ಸಾಲಿನಲ್ಲಿ ನೀರು ಬಿಡಿರಿ. ಕತ್ತರಿಸಿ ಪುಡಿ ಮಾಡುವ ಯಂತ್ರ ಬಾಡಿಗೆಗೆ ಸಿಕ್ಕರೆ ಇನ್ನೂ ಒಳ್ಳೆಯದು. ಮೇಲೆ ಹೆಂಡಿಯ ಬಗ್ಗಡ ಎರಚಿ. ಒಂದು ಸುಗ್ಗಿ ಕಾಯಲು ತಾಳ್ಮೆ ಬೇಕು. ಊರ ತಿಪ್ಪೆಗೆ ಬರಬೇಕಾದದ್ದು ಬದುವಿನ ಕಳೆ, ದನ ಬಿಟ್ಟ ಕಣಕಿ, ಗೋವಿನಜೋಳದ ದಂಟು, ಸಂತೆಯಲ್ಲಿ ಉಳಿದ ಸೊಪ್ಪು, ಉದುರಿದ ಎಲೆ, ರವದಿಯಲ್ಲಿ ದಾರಿಗೆ ಹತ್ತಿರವಿರುವಷ್ಟು. ಮತ್ತು ಮಠದ ಕಸ.

ಹೌದು, ಮಠದ ಕಸ. ನಾವು ಗದ್ದುಗೆಗೆ ಏರಿಸಿದ ಹೂವು, ಪತ್ರೆ ಮರುದಿನ ಎಲ್ಲಿಗೆ ಹೋಗುತ್ತವೆ? ಬಹುಮಟ್ಟಿಗೆ ಹೊಳೆಗೆ ಅಥವಾ ಭಾವಿಗೆ, ಅದೂ ಪ್ಲಾಸ್ಟಿಕ್ ಚೀಲದ ಸಮೇತ. ಜಾತ್ರೆಯ ದಾಸೋಹ ಮುಗಿದ ರಾತ್ರಿ ಮಠದ ಹಿಂಬದಿಯನ್ನು ಯಾರಾದರೂ ನೋಡಿದ್ದೀರಾ? ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಿದೆ. ನಮ್ಮ ಪಂಕ್ತಿಗಳಲ್ಲಿ ಮಾತ್ರ ಇಲ್ಲ. ಮುತ್ತುಗದ ಎಲೆಯ ಪತ್ರಾವಳಿಯಲ್ಲಿ ಉಂಡರೆ ಆ ಎಲೆ ನಾಲ್ಕು ತಿಂಗಳಲ್ಲಿ ಮಣ್ಣಾಗುತ್ತದೆ. ಮೇಲೆ ಬೆಳ್ಳಿಬಣ್ಣದ ಹಾಳೆ ಅಂಟಿಸಿದ ತಟ್ಟೆ ಹೊಲಕ್ಕೆ ಬಂದು ಮಿಂಚುತ್ತಿರುತ್ತದೆ, ನನ್ನ ಹೊಲದಲ್ಲಿ ಈಗಲೂ ಸಿಗುತ್ತವೆ. ಅಡುಗೆಮನೆಯ ಸಿಪ್ಪೆ, ಉಳಿದ ಅನ್ನ ಒಟ್ಟಲಿನ ನಡುವೆ ಹುಗಿಯಬೇಕು, ಮೇಲೆ ಬಿಟ್ಟರೆ ನಾಯಿ, ಇಲಿ ಬರುತ್ತವೆ. ಎಣ್ಣೆ, ಸಾರು ಬೇಡ.

ಈ ಪತ್ರಿಕೆ ಹೋಗುವ ಮಠಗಳಲ್ಲಿ ಅನೇಕಕ್ಕೆ ಜಮೀನಿದೆ, ನೆರಳಿದೆ, ನೀರಿದೆ, ಕರೆದರೆ ಬರುವ ಭಕ್ತರಿದ್ದಾರೆ. ಪಂಚಾಯಿತಿಯವರು ಸ್ವಚ್ಛ ಸಂಕೀರ್ಣಗಳಲ್ಲಿ ಒಣಕಸ ನೋಡಿಕೊಳ್ಳುತ್ತಿದ್ದಾರೆ, ಸಂಜೀವಿನಿ ಒಕ್ಕೂಟದ ಹೆಣ್ಣುಮಕ್ಕಳೇ ಗಾಡಿ ಓಡಿಸುತ್ತಿದ್ದಾರೆ. ಹಸಿಕಸವನ್ನು ಮಠಗಳು ವಹಿಸಿಕೊಳ್ಳಲಿ ಎಂಬುದು ನಮ್ಮ ಬಿನ್ನಹ. ಆದರೆ ಒಂದು ಷರತ್ತಿನ ಮೇಲೆ. ಜಾಗ ಗುರುತಿಸುವುದಕ್ಕಿಂತ ಮೊದಲು, ಗುಂಡಿಯೋ ಒಟ್ಟಲೋ ಎಂಬ ಚರ್ಚೆಗಿಂತ ಮೊದಲು, ಬುಟ್ಟಿ ಹೊರುವವರ ಹೆಸರಿನ ಪಟ್ಟಿ ಬರೆಯಿರಿ. ಆ ಪಟ್ಟಿಯಲ್ಲಿ ಒಂದೇ ಓಣಿಯ ಹೆಸರುಗಳಿದ್ದರೆ ಅಲ್ಲಿಗೇ ನಿಲ್ಲಿಸಿ, ಪಟ್ಟಿಯನ್ನು ಹೊಸದಾಗಿ ಬರೆಯಿರಿ. ಸಂಘದ ಅಧ್ಯಕ್ಷರು, ಕಾರ್ಯದರ್ಶಿಗಳು, ಈ ಪತ್ರಿಕೆಯ ಸಂಪಾದಕನೂ ಅದರಲ್ಲಿರಲಿ.

ನನ್ನ ಹೊಲದ ಮಣ್ಣನ್ನು ಈ ಬೇಸಿಗೆಯಲ್ಲಿ ಮತ್ತೆ ಪರೀಕ್ಷೆಗೆ ಕೊಟ್ಟಿದ್ದೆ. ಮೂರು ವರ್ಷ ಸುಡದೆ, ಗೊಬ್ಬರ ಹಾಕಿದ ಮೇಲೆ ಸಾವಯವ ಇಂಗಾಲ 0.48 ಬಂದಿದೆ. ದೊಡ್ಡ ಏರಿಕೆಯೇನಲ್ಲ, ಮಾದರಿ ತೆಗೆದ ಜಾಗದ ವ್ಯತ್ಯಾಸವೂ ಅದರಲ್ಲಿ ಸೇರಿರಬಹುದು. ಆದರೆ ತುದಿಯ ಜವಳು ಪಟ್ಟಿಯಲ್ಲಿ ಈ ಸಲ ಕುಳೆ ಒಡೆದಿದೆ, ಹೋದ ವರ್ಷ ಅಲ್ಲಿ ಹುಲ್ಲೂ ಇರಲಿಲ್ಲ.

ಬರುವ ಅಮಾವಾಸ್ಯೆಗೆ ಎರಡನೆಯ ಒಟ್ಟಲನ್ನು ಮಗುಚುತ್ತೇವೆ. ನೋಡಲು ಬರಬಯಸುವ ಮಠಗಳವರು, ಸಂಘದವರು ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆದರೆ ಸಾಕು. ಬೆಳಿಗ್ಗೆ ಏಳಕ್ಕೆ ಶುರು, ಬಿಸಿಲೇರುವುದರೊಳಗೆ ಮುಗಿಯುತ್ತದೆ. ಹಳೆಯ ಬಟ್ಟೆ ಉಟ್ಟು ಬನ್ನಿ. ಸಲಿಕೆ ನಿಮ್ಮದು, ಬುಟ್ಟಿ ಮಠದಲ್ಲಿವೆ.